ಪರೀಕ್ಷೆಯ ಭಾರ ಯಾರ ಹೆಗಲಿಗೆ?

ಚಾಮರಾಜನಗರದ ಕಡೆ ಹಾಲಿನ ಸಂಘಕ್ಕೆ ಹಾಲು ಹಾಕುವವರಿಗೆ ಫ್ಯಾಟ್ ಅಳೆಯುವ ಯಂತ್ರದ ಒಳಗುಟ್ಟು ಗೊತ್ತಿರಬೇಕಾಗಿಲ್ಲ. ಲೀಟರು, ಫ್ಯಾಟು, ದರ ಚೀಟಿಯಲ್ಲಿ ಬರುತ್ತವೆ. ಅನುಮಾನವಿದ್ದರೆ ಅಲ್ಲೇ ಕೇಳಬಹುದು. ಇ-ಮೇಲ್ ಭದ್ರತೆ ಮಾತ್ರ ಬಹುಕಾಲ ಇದಕ್ಕೆ ತಿರುಗುಮುರುಗಾಗಿ ನಡೆಯಿತು. ಪರೀಕ್ಷಿಸುವ ಕೆಲಸವನ್ನೇ ಬಳಸುವವರ ತಲೆಗೆ ಕಟ್ಟಲಾಯಿತು.

ಇ-ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮಾವಳಿ 1982ರದು. ಕಳಿಸಿದವರು ನಿಜಕ್ಕೂ ಅವರೇನಾ ಎಂದು ನೋಡುವ ಏರ್ಪಾಡು ಅದರಲ್ಲಿ ಇರಲಿಲ್ಲ. 1991ರಲ್ಲಿ ಫಿಲ್ ಝಿಮ್ಮರ್‌ಮನ್ ಪತ್ರವನ್ನು ಗೂಢಲಿಪಿಗೆ ಇಳಿಸುವ ಪಿಜಿಪಿ ತಂತ್ರಾಂಶ ಹೊರತಂದರು. ಅದರ ಗಣಿತ ಗಟ್ಟಿ, ಬಳಕೆ ಕಗ್ಗಂಟು. 1999ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಸಂಶೋಧಕರಾದ ಆಲ್ಮಾ ವಿಟನ್ ಮತ್ತು ಜೆ.ಡಿ. ಟೈಗರ್, ಇ-ಮೇಲ್ ಬಳಸಿ ಪಳಗಿದ್ದ 12 ಮಂದಿಗೆ 90 ನಿಮಿಷ ಕೊಟ್ಟು, ಪಿಜಿಪಿ ಬಳಸಿ ಸಹಿ ಹಾಕಿದ ಗೂಢಪತ್ರ ಕಳಿಸಿ ಎಂದರು. ಮೂರನೇ ಒಂದು ಪಾಲು ಜನರಿಗಷ್ಟೇ ಅದು ಸಾಧ್ಯವಾಯಿತು. ಮೂವರಂತೂ ಗುಟ್ಟನ್ನು ಯಾರೂ ಓದಬಹುದಾದಂತೆ ಕಳಿಸಿಬಿಟ್ಟರು.

ತಪ್ಪು ಆ ಮೂವರದಲ್ಲ.

2016ರಲ್ಲಿ ವಾಟ್ಸ್ಆ್ಯಪ್ ಎಲ್ಲ ಸಂದೇಶಗಳಿಗೂ ಗೂಢಲಿಪಿ ಹೊದಿಸಿದಾಗ ಯಾರೂ ಒಂದು ಗುಂಡಿ ಒತ್ತಬೇಕಾಗಲಿಲ್ಲ. ಯುಪಿಐಯಲ್ಲಿ ದುಡ್ಡು ಹೋಗುವ ಮುನ್ನವೇ ಪಡೆಯುವವರ ಹೆಸರು ಕಾಣಿಸುತ್ತದೆ. ಇ-ಮೇಲ್ ಕೂಡ ಈ ದಾರಿಗೆ ಬರುತ್ತಿದೆ. ರಾಶಿಗಟ್ಟಲೆ ಪತ್ರ ಕಳಿಸುವವರು ತಮ್ಮ ವಿಳಾಸವನ್ನು ತಾಂತ್ರಿಕವಾಗಿ ದೃಢಪಡಿಸಬೇಕೆಂದು 2024ರ ಫೆಬ್ರುವರಿಯಿಂದ ಗೂಗಲ್, ಯಾಹೂ ಕಡ್ಡಾಯ ಮಾಡಿದವು. ಆದರೆ ಬ್ಯಾಂಕಿನ ಹೆಸರನ್ನೇ ಹೋಲುವ ವಿಳಾಸ ಕೊಂಡ ಮೋಸಗಾರನೂ ಈ ಪರೀಕ್ಷೆಯಲ್ಲಿ ಪಾಸಾಗಬಲ್ಲ. ಆದ್ದರಿಂದಲೇ ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ‘ಬ್ಯಾಂಕ್.ಇನ್’ ಎಂದು ಕೊನೆಗೊಳ್ಳುವ ಜಾಲವಿಳಾಸಕ್ಕೆ ಹೋಗಬೇಕೆಂದ ರಿಸರ್ವ್ ಬ್ಯಾಂಕಿನ ಆದೇಶ ಮುಖ್ಯವಾದದ್ದು. ಗ್ರಾಹಕರು ನೆನಪಿಡಬೇಕಾದದ್ದು ಒಂದೇ ಬಾಲ.

ಹಳ್ಳಿಗಾಡಿನ ತೊಡಕು ಇನ್ನೂ ಆಳದ್ದು. ಅರ್ಜಿ ಹಾಕಲು ಸೈಬರ್ ಸೆಂಟರಿಗೆ ಹೋದವರಿಗೆ ಅಲ್ಲಿನವರೇ ಇ-ಮೇಲ್ ಖಾತೆ ತೆರೆದುಕೊಡುತ್ತಾರೆ. ಪಾಸ್‌ವರ್ಡ್ ಅಲ್ಲೇ ಉಳಿದುಬಿಡುತ್ತದೆ. ಮೊಬೈಲ್ ನಂಬರ್ ಬದಲಾದರೆ ಖಾತೆಯೂ ಕೈತಪ್ಪುತ್ತದೆ. ‘ಪಾಸ್‌ವರ್ಡ್ ಯಾರಿಗೂ ಹೇಳಬೇಡಿ’ ಎಂಬ ಉಪದೇಶ ಇಂಥವರಿಗೆ ಏನು ಮಾಡೀತು? ತಮ್ಮದೇ ಫೋನಿನಲ್ಲಿ ಬೆರಳೊತ್ತಿ ಖಾತೆಯ ಒಳಹೋಗುವ ಪಾಸ್‌ಕೀ ಈಗ ಬಂದಿದೆ. ಫೋನ್ ಕಳೆದರೆ ಖಾತೆ ಮರಳಿ ಸಿಗುವ ಸುಲಭ ದಾರಿಯೂ, ಏನು ಮಾಡಬೇಕು, ಏನು ಮಾಡಬಾರದು ಎಂದು ನೇರ ಕನ್ನಡದಲ್ಲಿ ಹೇಳುವ ಎಚ್ಚರಿಕೆಯೂ ಅದರ ಜೊತೆಗಿರಬೇಕು.

ಸರ್ಕಾರ ಮತ್ತು ಬ್ಯಾಂಕುಗಳು ಮುಂದಿನ ಆನ್‌ಲೈನ್ ಸೇವೆ ಆರಂಭಿಸುವ ಮೊದಲು ವಿಟನ್–ಟೈಗರ್ ಮಾದರಿಯ ಪರೀಕ್ಷೆಯೊಂದನ್ನು ಚಾಮರಾಜನಗರ, ಗುಂಡ್ಲುಪೇಟೆಯ ಜನರೊಂದಿಗೆ ಕನ್ನಡದಲ್ಲೇ ನಡೆಸಲಿ. ಅವರು ಎಡವಿದ ಕಡೆಯೆಲ್ಲ ಸೇವೆಯನ್ನು ತಿದ್ದಲಿ.