ಕೀಲಿಮಣೆಯ ಕಳ್ಳನೂ ಧಣಿಯ ಕಣ್ಣೂ

ದುಡಿದ ಹಣ ಕೈಗೆ ಬರುವ ದಾರಿ ಬದಲಾಗಿದೆ. ಸಕ್ಕರೆ ಕಾರ್ಖಾನೆಯ ಕೆಲಸಗಾರನ ಸಂಬಳ ನೇರವಾಗಿ ಬ್ಯಾಂಕಿಗೆ ಬೀಳುತ್ತದೆ. ಸಂತೆಬಾಚಹಳ್ಳಿಯಂಥ ಹೋಬಳಿ ಊರಿನ ವ್ಯಾಪಾರಿಯೂ ತಕ್ಕಡಿಯ ಪಕ್ಕದಲ್ಲಿ ಕ್ಯೂಆರ್ ಹಲಗೆ ಇಟ್ಟು ಕೂರುವ ಕಾಲ ಇದು. ಹಿಂದೆ ಜೇಬುಗಳ್ಳ ಸಂತೆಯ ನೂಕುನುಗ್ಗಲಿನಲ್ಲಿ ಸೊಂಟದ ಚೀಲಕ್ಕೆ ಕೈಹಾಕುತ್ತಿದ್ದ. ಸಿಕ್ಕಿಬಿದ್ದರೆ ಜನ ಹಿಡಿದು ವಿಚಾರಿಸುತ್ತಿದ್ದರು. ಈಗಿನ ಕಳ್ಳ ನಮ್ಮ ಬೆರಳಿನ ತುದಿಯಲ್ಲೇ ಅವಿತು, ನಾವು ಒತ್ತಿದ ಒಂದೊಂದು ಅಕ್ಷರವನ್ನೂ ಅಂಕಿಯನ್ನೂ ಬರೆದುಕೊಂಡು ತನ್ನ ಯಜಮಾನನಿಗೆ ಕಳಿಸುತ್ತಾನೆ. ಈ ತಂತ್ರಕ್ಕೆ ಕೀಲಾಗರ್ ಎಂದು ಹೆಸರು. ಇದು ಪಟ್ಟಣದ ಸಾಹುಕಾರರ ತಲೆನೋವು, ನಮಗೇಕೆ ಎಂದು ಯಾರೂ ಸುಮ್ಮನಿರಬಾರದು. ಸಾಹುಕಾರನ ಖಾತೆಯಿಂದ ಹತ್ತು ಸಾವಿರ ಹೋದರೆ ಅದು ಲೆಕ್ಕದಲ್ಲಿ ಒಂದು ಗೆರೆ. ಕೂಲಿಯವನ ಖಾತೆಯಿಂದ ಹೋದರೆ ಮನೆಯ ಒಲೆ ಹತ್ತುವುದಿಲ್ಲ.

ಇದು ಹೊಸ ವಿದ್ಯೆಯೇನೂ ಅಲ್ಲ. ಮಾಸ್ಕೋದ ಅಮೆರಿಕನ್ ರಾಯಭಾರ ಕಚೇರಿಯ ಬೆರಳಚ್ಚು ಯಂತ್ರಗಳೊಳಗೆ ಸೋವಿಯತ್ ಗೂಢಚಾರರು ಸಣ್ಣ ಉಪಕರಣ ಅಡಗಿಸಿದ್ದು 1984ರಲ್ಲಿ ಬಯಲಾಯಿತು. ಹದಿನಾರು ಯಂತ್ರಗಳಲ್ಲಿ ಅದು ಸಿಕ್ಕಿತು. ಟೈಪಿಸ್ಟ್ ಒತ್ತಿದ ಅಕ್ಷರ ಕಾಗದದ ಮೇಲೆ ಮೂಡುವುದರ ಜೊತೆಗೇ ರೇಡಿಯೊ ಅಲೆಯಾಗಿ ಹೊರಗೆ ಹೋಗುತ್ತಿತ್ತು. ಅಷ್ಟು ದೊಡ್ಡ ರಾಷ್ಟ್ರದ ಕಣ್ಣಿಗೇ ವರ್ಷಗಟ್ಟಲೆ ಬೀಳದೆ ಹೋದದ್ದು ನಮ್ಮ ದಿನಸಿ ಅಂಗಡಿಯವನ ಕಣ್ಣಿಗೆ ಬೀಳಲಿಲ್ಲವೆಂದು ಅವನನ್ನು ದಡ್ಡನೆಂದು ಹೀಯಾಳಿಸುವುದು ಎಲ್ಲಿಯ ನ್ಯಾಯ?

ಕಳ್ಳ ಒಳಗೆ ಬರುವ ಬಾಗಿಲುಗಳನ್ನು ತಿಳಿದುಕೊಳ್ಳೋಣ. ಮೊದಲನೆಯದು, ಕೀಲಿಮಣೆಯ ತಂತಿಗೂ ಕಂಪ್ಯೂಟರಿಗೂ ನಡುವೆ ಸಿಕ್ಕಿಸುವ ಹೆಬ್ಬೆರಳಿನಷ್ಟು ಚಿಕ್ಕ ಬಿರಡೆ. ಸೈಬರ್ ಸೆಂಟರಿನಲ್ಲಿ ನಾಲ್ಕು ಜನ ಬಳಸುವ ಯಂತ್ರಕ್ಕೆ ಇದನ್ನು ಸಿಕ್ಕಿಸುವುದು ಕ್ಷಣದ ಕೆಲಸ. ಎರಡನೆಯದು, ಕಣ್ಣಿಗೆ ಕಾಣದ ತಂತ್ರಾಂಶ. ಮದುವೆಯ ಕರೆಯೋಲೆ, ವಾಹನದ ದಂಡದ ಚೀಟಿ, ಬ್ಯಾಂಕಿನ ಕೆವೈಸಿ ಎಂದು ವೇಷ ಹಾಕಿಕೊಂಡು ಎಪಿಕೆ ಎಂಬ ಬಾಲವಿರುವ ಕಡತ ವಾಟ್ಸಾಪಿನಲ್ಲಿ ಬರುತ್ತದೆ. ಒತ್ತಿ ಒಪ್ಪಿಗೆ ಕೊಟ್ಟರೆ ಅದು ಆಕ್ಸೆಸಿಬಿಲಿಟಿ ಎಂಬ ಅನುಮತಿ ಕೇಳುತ್ತದೆ. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳಲೆಂದು ಇರುವ ಒಳ್ಳೆಯ ಸೌಲಭ್ಯ ಅದು. ಕಳ್ಳನ ಕೈಗೆ ಸಿಕ್ಕರೆ ಪರದೆಯ ಮೇಲಿನದನ್ನೆಲ್ಲ ಅವನಿಗೆ ಓದಿ ಹೇಳುತ್ತದೆ. ಎಸ್‌ಎಂಎಸ್ ಓದುವ ಅನುಮತಿಯೂ ಸಿಕ್ಕಿತೆಂದರೆ ಓಟಿಪಿಯೂ ಅವನದೇ.

ಮೂರನೆಯ ಬಾಗಿಲು ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದುದು. ಫೋನಿನಲ್ಲಿ ಕನ್ನಡ ಬರೆಯಲೆಂದು ಸಿಕ್ಕ ಸಿಕ್ಕ ಕೀಲಿಮಣೆಯ ಆಪ್ ಹಾಕಿಕೊಳ್ಳುವವರಿದ್ದಾರೆ. ನಾವು ಒತ್ತುವುದೆಲ್ಲ ಆ ಆಪಿನ ಮೂಲಕವೇ ಹೋಗಬೇಕು. ಟೊರಾಂಟೊ ವಿಶ್ವವಿದ್ಯಾನಿಲಯದ ಸಿಟಿಜನ್ ಲ್ಯಾಬ್ ಚೀನೀ ಭಾಷೆ ಬರೆಯುವ ಕೀಲಿಮಣೆಗಳನ್ನು ಪರೀಕ್ಷಿಸಿ 2024ರ ಏಪ್ರಿಲಿನಲ್ಲಿ ವರದಿ ಕೊಟ್ಟಿತು. ಒಂಬತ್ತು ಕಂಪನಿಗಳ ಪೈಕಿ ಎಂಟರವುಗಳಲ್ಲಿ, ಒತ್ತಿದ ಅಕ್ಷರಗಳು ದಾರಿಯಲ್ಲಿ ಪರರ ಪಾಲಾಗಬಹುದಾದ ದೋಷವಿತ್ತು. ತಾಯ್ನುಡಿಯಲ್ಲಿ ಬರೆಯುವ ಹಕ್ಕಿಗೆ ಗುಟ್ಟು ಬಿಟ್ಟುಕೊಡುವ ತೆರಿಗೆ ಇರಬಾರದು.

ಮಾಡಬೇಕಾದುದೇನು? ಎಪಿಕೆ ಕಡತ ಅಣ್ಣ ಕಳಿಸಿದ್ದಾದರೂ ಒತ್ತಬೇಡಿ. ಅಣ್ಣನ ಫೋನೇ ಕಳ್ಳನ ವಶದಲ್ಲಿರಬಹುದು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಯಾವ ಆಪಿಗೆ ಸಿಕ್ಕಿದೆ ಎಂದು ನೋಡಿ, ಗೊತ್ತಿಲ್ಲದ್ದನ್ನು ಕಿತ್ತುಹಾಕಿ. ಫೋನಿನ ಜೊತೆ ಬಂದ ಕೀಲಿಮಣೆಯಲ್ಲೇ ಕನ್ನಡ ಸೇರಿಸಿಕೊಳ್ಳಿ. ತಂತ್ರಾಂಶದ ಹೊಸ ತಿದ್ದುಪಡಿ ಬಂದಾಗ ಮುಂದೂಡಬೇಡಿ. ಪರರ ಕಂಪ್ಯೂಟರಿನಲ್ಲಿ ಬ್ಯಾಂಕಿನ ಗುಪ್ತಪದ ಒತ್ತಬೇಡಿ; ಒತ್ತಲೇಬೇಕಾಗಿ ಬಂದಿದ್ದರೆ ಮನೆಗೆ ಬಂದು ಬದಲಾಯಿಸಿ. ಪರದೆಯ ಮೇಲಿನ ಕೀಲಿಮಣೆ ಬಿರಡೆಯ ಕಳ್ಳನನ್ನು ತಪ್ಪಿಸೀತು, ಪರದೆಯ ಚಿತ್ರ ತೆಗೆಯುವವನನ್ನು ತಪ್ಪಿಸಲಾರದು. ವ್ಯಾಪಾರದ ಹಣಕ್ಕೂ ಕೂಡಿಟ್ಟ ಹಣಕ್ಕೂ ಬೇರೆ ಬೇರೆ ಖಾತೆ ಇಡಿ.

ಹಣ ಹೋದದ್ದು ತಿಳಿದ ಕೂಡಲೆ 1930ಕ್ಕೆ ಫೋನು ಮಾಡಿ, ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ಹಣ ಬೇರೆ ಖಾತೆಗೆ ದಾಟುವ ಮೊದಲೇ ತಡೆಯಬೇಕಾದ್ದರಿಂದ ಗಂಟೆಗಳೇ ಮುಖ್ಯ. 2017ರ ಜುಲೈ 6ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕು ಒಂದು ದೊಡ್ಡ ಮಾತು ಹೇಳಿತು: ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ ಎಂದಾಗ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕ ಒಂದು ಕಾಸೂ ಹೊರಬೇಕಾಗಿಲ್ಲ, ಹೊಣೆ ಗ್ರಾಹಕನದೆಂದು ರುಜುವಾತು ಮಾಡುವ ಭಾರ ಬ್ಯಾಂಕಿನದು. ಆದರೆ ಕೌಂಟರಿನಲ್ಲಿ ಬಡವನಿಗೆ ಕೇಳಿಸುವ ಮಾತೇ ಬೇರೆ: "ಪಿನ್ ನೀವೇ ಕೊಟ್ಟಿರುತ್ತೀರಿ." ಕೊಟ್ಟದ್ದಕ್ಕೂ ಕದ್ದದ್ದಕ್ಕೂ ವ್ಯತ್ಯಾಸವಿಲ್ಲವೆ? ಕನ್ನ ಕೊರೆದವನನ್ನು ಬಿಟ್ಟು, ಗೋಡೆ ಮಣ್ಣಿನದೆಂದು ಮನೆಯವನಿಗೆ ದಂಡ ಹಾಕುವ ನೀತಿ ಇದು.

ಇನ್ನೊಂದು ಕೀಲಾಗರ್ ಇದೆ. ಅದಕ್ಕೆ ಪೊಲೀಸರ ಭಯವಿಲ್ಲ, ಏಕೆಂದರೆ ಅದನ್ನು ಹಾಕುವವನು ಧಣಿ. ಗುಮಾಸ್ತ ಗಂಟೆಗೆ ಎಷ್ಟು ಕೀಲಿ ಒತ್ತಿದ, ಯಾರಿಗೆ ಏನು ಬರೆದ, ಎಷ್ಟು ನಿಮಿಷ ಕೈ ಬಿಟ್ಟ ಎಂದು ಲೆಕ್ಕ ಇಡುವ ತಂತ್ರಾಂಶಗಳು ಬಹಿರಂಗವಾಗಿ ಮಾರಾಟಕ್ಕಿವೆ. ಜರ್ಮನಿಯಲ್ಲಿ ಹೀಗೆ ಸಿಕ್ಕ ಸಾಕ್ಷ್ಯದ ಮೇಲೆ ಒಬ್ಬ ನೌಕರನನ್ನು ವಜಾ ಮಾಡಿದರು. ಅಪರಾಧದ ನಿರ್ದಿಷ್ಟ ಸಂಶಯವಿಲ್ಲದೆ ಕೀಲಾಗರ್ ಹಾಕಿದ್ದು ಅಕ್ರಮ, ಆ ಸಾಕ್ಷ್ಯ ನಡೆಯದು ಎಂದು ಅಲ್ಲಿಯ ಫೆಡರಲ್ ಕಾರ್ಮಿಕ ನ್ಯಾಯಾಲಯ 2017ರ ಜುಲೈ 27ರಂದು ತೀರ್ಪಿತ್ತಿತು. ಮುಂದಿನ ತಿಂಗಳು 24ರಂದೇ ನಮ್ಮ ಸುಪ್ರೀಂ ಕೋರ್ಟು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಆದರೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೇ ಕಲಮು, ಉದ್ಯೋಗದ ಉದ್ದೇಶಕ್ಕೂ ಧಣಿಯನ್ನು ನಷ್ಟದಿಂದ ಕಾಪಾಡುವುದಕ್ಕೂ ನೌಕರನ ಒಪ್ಪಿಗೆಯಿಲ್ಲದೆ ಅವನ ಮಾಹಿತಿ ಬಳಸಲು ಎಡೆ ಬಿಟ್ಟಿದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿಯುವುದೆಂದರೆ ಇದೇ.

1951ರಲ್ಲಿ ಕಾಗೋಡಿನ ಗೇಣಿದಾರರು ಎತ್ತಿದ ಪ್ರಶ್ನೆಗಳಲ್ಲಿ ಭತ್ತ ಅಳೆಯುವ ಕೊಳಗದ್ದೂ ಒಂದು. ಅಳೆಯುವ ಸಾಧನ ಯಾರ ಕೈಯಲ್ಲಿದೆ, ಅದನ್ನು ಪರೀಕ್ಷಿಸುವ ಹಕ್ಕು ಯಾರಿಗಿದೆ ಎಂಬ ಆ ಪ್ರಶ್ನೆ ಇಂದು ಪೆಟ್ಟಿಗೆಯೊಳಗಿನ ತಂತ್ರಾಂಶಕ್ಕೂ ಅನ್ವಯಿಸುತ್ತದೆ. ಕಾರ್ಖಾನೆಯ ಯಂತ್ರದಲ್ಲಿ ಯಾವ ಕಾವಲು ತಂತ್ರಾಂಶವಿದೆ ಎಂದು ಧಣಿ ಕಾರ್ಮಿಕ ಸಂಘಕ್ಕೆ ಬರಹದಲ್ಲಿ ತಿಳಿಸಬೇಕು. ಕದ್ದ ಪಿನ್ನನ್ನು ಗ್ರಾಹಕನ ಅಲಕ್ಷ್ಯವೆನ್ನುವ ಬ್ಯಾಂಕು ಅದನ್ನು ಸಾಬೀತು ಮಾಡಬೇಕು, ಇಲ್ಲವೆ ಹಣ ಹಿಂದಿರುಗಿಸಬೇಕು. ಪ್ರತಿ ಹೋಬಳಿಯಲ್ಲಿ ಸಂತೆಯ ದಿನವೇ ಫೋನು ಪರೀಕ್ಷಿಸಿ ಕೊಡುವ ಏರ್ಪಾಡನ್ನು ಸರ್ಕಾರ ಮಾಡಬೇಕು. ತನ್ನ ಫೋನಿಗೆ ಬೀಗ ಹಾಕಿಕೊಳ್ಳುವುದು ಒಬ್ಬೊಬ್ಬನ ಕೆಲಸ. ಈ ಮೂರನ್ನು ಪಡೆಯುವುದು ಸಂಘದ ಕೆಲಸ. ಮಿಲ್ಲಿನ ಬಂಧುಗಳೂ ಅಂಗಡಿಯ ಬಂಧುಗಳೂ ಮುಂದಿನ ಸಂಘದ ಸಭೆಯಲ್ಲಿ ಇದನ್ನು ಚರ್ಚೆಗೆ ತರಲಿ.