ವೆನಿಲ್ಲಾ ಎಸೆನ್ಸ್‌ನಿಂದ ಸಿಕಲ್ ಸೆಲ್ ಕಾಯಿಲೆ ವಾಸಿ ಆಗುತ್ತಾ? ಲ್ಯಾಬ್‌ನಿಂದ ಮಾತ್ರೆವರೆಗಿನ ದಾರಿ ದೂರ

ಹುಬ್ಬಳ್ಳಿ: ಕೇಕ್, ಐಸ್‌ಕ್ರೀಮ್‌ಗೆ ಹಾಕುವ ವೆನಿಲ್ಲಾ ಎಸೆನ್ಸ್ ದುರ್ಗದಬೈಲಿನ ಗಿರಾಕಿಗಳಿಗೆ ಹೊಸದಲ್ಲ. ಅದರ ಘಮಕ್ಕೆ ಕಾರಣವಾದ ವೆನಿಲಿನ್ ಎಂಬ ರಾಸಾಯನಿಕವನ್ನೇ ವಿಜ್ಞಾನಿಗಳು ಸಿಕಲ್ ಸೆಲ್ ಅನೀಮಿಯಾಕ್ಕೆ ಔಷಧಿಯಾಗಿ ಪರೀಕ್ಷೆ ಮಾಡಿದ್ದಾರೆ. ಹಂಗಂತ ಎಸೆನ್ಸ್ ಕುಡಿದರೆ ಕಾಯಿಲೆ ಹೋಗುತ್ತಾ? ಇಲ್ಲ.

ಏನಿದು ಕಾಯಿಲೆ?

ಇದು ತಂದೆ-ತಾಯಿಯಿಂದ ಬರುವ ರಕ್ತದ ಕಾಯಿಲೆ. ಆಮ್ಲಜನಕ ಕಡಿಮೆಯಾದಾಗ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಆಗ ಕೈಕಾಲು, ಎದೆ, ಬೆನ್ನಲ್ಲಿ ತಡೆಯಲಾಗದ ನೋವು.

ಹೊಟ್ಟೆಯಲ್ಲೇ ಹಾಳಾಗುವ ವೆನಿಲಿನ್

ವೆನಿಲಿನ್ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಕಣ ಬಾಗುವುದನ್ನು ತಡೆಯಬಲ್ಲದು ಎಂದು ಅಮೆರಿಕದ ಸಂಶೋಧಕರು 1991ರಲ್ಲಿ ವರದಿ ಮಾಡಿದರು. ಆದರೆ ಬಾಯಿಂದ ತೆಗೆದುಕೊಂಡ ವೆನಿಲಿನ್ ಹೊಟ್ಟೆಯಲ್ಲೇ ಬೇಗ ಹಾಳಾಗುತ್ತೆ, ರಕ್ತಕ್ಕೆ ಸಾಕಷ್ಟು ಸೇರೋದಿಲ್ಲ. ಅದಕ್ಕೇ ಅದರ ರೂಪ ಬದಲಿಸಿದ ಎಂಎಕ್ಸ್-1520 ಎಂಬ ವಸ್ತುವನ್ನು ತಯಾರಿಸಿ ಇಲಿಗಳ ಮೇಲೆ ಪ್ರಯೋಗಿಸಿದರು. 2004ರಲ್ಲಿ ಫಲಿತಾಂಶ ಬಂತು. ಮಾರುಕಟ್ಟೆಗೆ ಮಾತ್ರೆ ಬರಲಿಲ್ಲ.

ಅದೇ ರೀತಿ ಹಿಮೋಗ್ಲೋಬಿನ್‌ಗೆ ಅಂಟುವ ವೊಕ್ಸೆಲೋಟರ್ ಎಂಬ ಬೇರೆ ಔಷಧಿಗೆ 2019ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತ್ತು. ರೋಗಿಗಳಲ್ಲಿ ನೋವಿನ ಬಾಧೆ ಮತ್ತು ಸಾವಿನ ಪ್ರಕರಣಗಳ ಮಾಹಿತಿ ನೋಡಿ 2024ರ ಸೆಪ್ಟೆಂಬರ್‌ನಲ್ಲಿ ಫೈಜರ್ ಕಂಪನಿಯೇ ಅದನ್ನು ಜಗತ್ತಿನಾದ್ಯಂತ ವಾಪಸ್ ಪಡೆಯಿತು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಏರಿದ್ದಕ್ಕೇ ರೋಗಿ ಸುಧಾರಿಸಿದ ಅಂತ ಹೇಳಲಾಗದು ಎಂಬುದು ಇದರ ಪಾಠ.

ನಮ್ಮ ಕಡೆ ಏನು ಮಾಡಬೇಕು?

2023ರ ಜುಲೈ 1ರಂದು ಕೇಂದ್ರ ಸರ್ಕಾರ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರು ಮಾಡಿತು. 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ ಗುರಿಯಾಗಿತ್ತು, ಕಾಯಿಲೆ ನಿರ್ಮೂಲನೆಗೆ ಗಡುವು 2047. ಕರ್ನಾಟಕವೂ ಪಟ್ಟಿಯಲ್ಲಿದೆ. ಬುಡಕಟ್ಟು ಜನರಲ್ಲಿ ಈ ಕಾಯಿಲೆ ಹೆಚ್ಚು ಕಾಣುವುದರಿಂದ ಒತ್ತು ಅವರ ಮೇಲೆ. ಧಾರವಾಡ ಜಿಲ್ಲೆಯ ಕಲಘಟಗಿ ಭಾಗದ ಸಿದ್ದಿ ಕುಟುಂಬಗಳೂ ತಪಾಸಣೆ ಬಗ್ಗೆ ಸಮೀಪದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬಹುದು.

ಗಂಡ-ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಶೇ 25. ವಾಹಕರಲ್ಲಿ ಸಾಮಾನ್ಯವಾಗಿ ಲಕ್ಷಣ ಇರೋದಿಲ್ಲ, ಹಾಗಾಗಿ ಮದುವೆಗೆ ಮುಂಚೆಯೇ ರಕ್ತ ಪರೀಕ್ಷೆ ಆದರೆ ಒಳ್ಳೆಯದು.

ಕಾಯಿಲೆ ಇದ್ದವರಿಗೆ ಹೈಡ್ರಾಕ್ಸಿಯೂರಿಯಾ ಎಂಬ ಹಳೆಯ ಔಷಧಿ ಇದೆ. ವೈದ್ಯರ ಸಲಹೆಯಂತೆ, ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತ ತೆಗೆದುಕೊಂಡರೆ ನೋವಿನ ಬಾಧೆ ಕಡಿಮೆಯಾಗುತ್ತೆ. ವೆನಿಲ್ಲಾ ಸುದ್ದಿ ನಂಬಿ ಅದನ್ನು ಬಿಟ್ಟರೆ ನಷ್ಟ ರೋಗಿಗೇ. ಎಸೆನ್ಸ್ ಬಾಟಲಿ ಕೇಕಿಗಷ್ಟೇ ಇರಲಿ.