ಹಳೇ ಕೇಡಿ ಎಂಬ ಹಳೇ ಲೆಕ್ಕ

ಬಸ್ ಸ್ಟ್ಯಾಂಡಿನಲ್ಲಿ ಯಾರದೋ ಜೇಬಿಗೆ ಕತ್ತರಿ ಬಿತ್ತು ಅಂದರೆ ಸಾಕು, ಪೊಲೀಸರು ಮೊದಲು ಎಳೆದು ತರೋದು ಹಳೇ ಮುಖಗಳನ್ನೇ. 'ಒಂದ್ಸಲ ಜೈಲು ಕಂಡವನು ಸುಧಾರಿಸ್ತಾನಾ ಸ್ವಾಮಿ?' ಅಂತ ಅಂಗಡಿ ಕಟ್ಟೆಯ ಮೇಲೆ ತೀರ್ಪೂ ಆಗಿಬಿಡುತ್ತದೆ. ಏನೂ ಸಿಗದೆ ಸಂಜೆಗೆ ಅವನನ್ನು ಬಿಟ್ಟು ಕಳಿಸಿದರೆ ಆ ಸುದ್ದಿ ಯಾರಿಗೂ ಬೇಡ.

ಹಾಗಾದರೆ ಜೈಲಿಂದ ಹೊರಬಂದವರಲ್ಲಿ ಎಷ್ಟು ಮಂದಿ ಮತ್ತೆ ತಪ್ಪು ಮಾಡುತ್ತಾರೆ? ಯಾವ ತಕ್ಕಡಿಯಲ್ಲಿ ತೂಗುತ್ತೀರಿ ಅನ್ನೋದರ ಮೇಲೆ ಉತ್ತರ ಬದಲಾಗುತ್ತದೆ.

2005ರಲ್ಲಿ ಅಮೆರಿಕದ 30 ರಾಜ್ಯಗಳ ಜೈಲುಗಳಿಂದ ಬಿಡುಗಡೆಯಾದವರ ಲೆಕ್ಕವನ್ನು ಅಲ್ಲಿನ ಸರಕಾರ ಐದು ವರ್ಷ ಇಟ್ಟಿತು. ಮತ್ತೆ ಅರೆಸ್ಟ್ ಆದವರು ನೂರಕ್ಕೆ ಸುಮಾರು 77. ಮತ್ತೆ ಅಪರಾಧ ಸಾಬೀತಾದವರು ಸುಮಾರು 55. ಹೊಸ ಕೇಸಿನಲ್ಲಿ ದೊಡ್ಡ ಜೈಲಿನ ಶಿಕ್ಷೆ ಆದವರು ಸುಮಾರು 28. ಜನ ಅವರೇ, ವರ್ಷಗಳೂ ಅವೇ. 77 ಹಿಡಿದವನು 'ದೇಶ ಹಾಳಾಯ್ತು' ಅಂತಾನೆ, 28 ಹಿಡಿದವನು 'ಜೈಲು ಪಾಠ ಕಲಿಸಿತು' ಅಂತಾನೆ.

ನಮ್ಮ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಗಳು ಲೆಕ್ಕ ಹಾಕುತ್ತ ಬಂದದ್ದು, ಸಿಕ್ಕಿಬಿದ್ದವರಲ್ಲಿ ಮೊದಲೇ ಶಿಕ್ಷೆಯಾದವರು ಎಷ್ಟು ಅಂತ. ಇದು ತಲೆಕೆಳಗಾದ ಲೆಕ್ಕ. ವ್ಯಾಪಾರಸ್ಥರೇ ಹೇಳಲಿ: ಇವತ್ತು ಬಂದ ಹತ್ತು ಗಿರಾಕಿಗಳಲ್ಲಿ ಒಬ್ಬ ಹಳಬ ಅಂದ ಮಾತ್ರಕ್ಕೆ, ಹೋದ ವರ್ಷ ಬಂದಿದ್ದವರಲ್ಲಿ ಎಷ್ಟು ಜನ ವಾಪಸು ಬಂದರು ಅಂತ ಗೊತ್ತಾಗುತ್ತದೆಯೇ?

ಅರೆಸ್ಟನ್ನೇ ಎಣಿಸಿದರೆ, ಹಬ್ಬ ಬಂತು, ಎಲೆಕ್ಷನ್ ಬಂತು ಅಂತ ಮುಂಜಾಗ್ರತೆಗೆ ಹಿಡಿದು ತಂದವನೂ 'ಮತ್ತೆ ಕೆಟ್ಟವನು' ಆಗುತ್ತಾನೆ. ಜೈಲಿಗೆ ಹೋಗುವ ಮೊದಲಿನ ಕೇಸಿಗೆ ಈಗ ವಾರಂಟ್ ಬಂದರೂ ಅದೇ ಹಣೆಬರಹ. ಸಾಬೀತಾದದ್ದನ್ನೇ ಎಣಿಸಿದರೆ, ಸಾಕ್ಷಿ ತಿರುಗಿಸಿ ಬಚಾವಾದ ಖದೀಮ ಒಳ್ಳೆಯವರ ಪಟ್ಟಿಗೆ ಸೇರುತ್ತಾನೆ. ಆದ್ದರಿಂದ ಎರಡನ್ನೂ ಬೇರೆ ಬೇರೆ ಕಾಲಮ್ಮಿನಲ್ಲಿ ಬರೆಯಬೇಕು. ಹಿಡಿದ ದಿನವನ್ನಲ್ಲ, ತಪ್ಪು ನಡೆದ ದಿನವನ್ನು ನೋಡಬೇಕು.

ಇದೇನು ಆಗದ ಕೆಲಸವಲ್ಲ. ಪೊಲೀಸ್, ಕೋರ್ಟು, ಜೈಲುಗಳ ಕಂಪ್ಯೂಟರುಗಳನ್ನು ಜೋಡಿಸುವ ವ್ಯವಸ್ಥೆಯನ್ನು ಸರಕಾರವೇ ಕಟ್ಟಿದೆ. ಒಂದು ವರ್ಷ ಬಿಡುಗಡೆಯಾದವರ ಪಟ್ಟಿ ಹಿಡಿದು, ಮೂರು ವರ್ಷ ಬಿಟ್ಟು ನೋಡಲಿ. ಹೆಸರು ಬೇಡ, ಸಂಖ್ಯೆ ಮಾತ್ರ ಜನರ ಮುಂದಿಡಲಿ.

ಹೊರಬಂದು ಹೋಟೆಲಿನಲ್ಲಿ ಲೋಟ ತೊಳೆದುಕೊಂಡು ತೆಪ್ಪಗಿರುವವನು ಇವತ್ತು ಯಾವ ರಿಜಿಸ್ಟರಿನಲ್ಲೂ ಇಲ್ಲ. ಅವನನ್ನೂ ಎಣಿಸುವ ತನಕ, ಕೆಲಸ ಕೇಳಿಕೊಂಡು ಬಂದ ಇನ್ನೊಬ್ಬನಿಗೆ ಅಂಗಡಿ ಬಾಗಿಲು ತೆರೆಯೋರು ಯಾರು?